ಕಟ್ಟಡ ಕೆಲಸ ಬಿಟ್ಟವರ ವೈದ್ಯಕೀಯ ತಪಾಸಣೆ: ಎಲ್ಲಿಂದ ಆರಂಭಿಸಬೇಕು, ಏನನ್ನು ಕೇಳಿ ಪಡೆಯಬೇಕು

ಗಾರೆ ಕೆಲಸ, ಕಲ್ಲು ಒಡೆಯುವುದು, ಟೈಲ್ಸ್ ಮತ್ತು ಗ್ರಾನೈಟ್ ಹಾಕುವುದು, ಪೇಂಟಿಂಗ್, ವೆಲ್ಡಿಂಗ್, ಹಳೆಯ ಕಟ್ಟಡ ಕೆಡವುವುದು ಮುಂತಾದ ಕೆಲಸಗಳಲ್ಲಿ ಹತ್ತಾರು ವರ್ಷ ದುಡಿದು ಈಗ ಬಿಟ್ಟಿರುವವರಿಗೆ ಬೇಕಾದ ತಪಾಸಣೆಯು ಊರಿನ ಆರೋಗ್ಯ ಶಿಬಿರದಲ್ಲಿ ನಡೆಯುವ ತಪಾಸಣೆಗಿಂತ ಬೇರೆಯದು. ಶಿಬಿರದಲ್ಲಿ ಬಿ.ಪಿ., ಶುಗರ್ ನೋಡುತ್ತಾರೆ, ಕಣ್ಣು ಪರೀಕ್ಷಿಸುತ್ತಾರೆ, ಹೆಚ್ಚೆಂದರೆ ಒಂದು ಇ.ಸಿ.ಜಿ. ತೆಗೆಯುತ್ತಾರೆ. ಅವೆಲ್ಲವೂ ಬೇಕಾದವೇ. ಆದರೆ ಎದುರಿಗೆ ಕುಳಿತವರು ಜೀವಮಾನವಿಡೀ ಏನು ಕೆಲಸ ಮಾಡಿದರು ಎಂದು ಅಲ್ಲಿ ಸಾಮಾನ್ಯವಾಗಿ ಯಾರೂ ಕೇಳುವುದಿಲ್ಲ; ಕೇಳಿದರೂ ‘ಕೂಲಿ’ ಎಂದು ಒಂದು ಪದ ಬರೆದುಕೊಂಡು ಮುಂದಿನವರನ್ನು ಕರೆಯುತ್ತಾರೆ. ಕಟ್ಟಡ ಕೆಲಸದಿಂದ ಬರುವ ಕಾಯಿಲೆಗಳನ್ನು ಪತ್ತೆ ಮಾಡಲು ಆ ಪ್ರಶ್ನೆಯೇ ಮೊದಲ ಪರೀಕ್ಷೆ. ಅಂಥ ಹಿರಿಯರನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುವ ಮಕ್ಕಳು, ಆಶಾ ಕಾರ್ಯಕರ್ತೆಯರು ಮತ್ತು ಕಾರ್ಮಿಕ ಸಂಘಟನೆಯವರನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಇದನ್ನು ಬರೆಯಲಾಗಿದೆ.

ಕೆಲಸ ಬಿಟ್ಟ ಮೇಲೆ ತಪಾಸಣೆ ಏಕೆ ಎಂದು ಅನೇಕರು ಕೇಳುತ್ತಾರೆ. ಗ್ರಾನೈಟ್, ಮರಳು, ಕಾಂಕ್ರೀಟ್, ಇಟ್ಟಿಗೆ, ಟೈಲ್ಸ್ ಇವೆಲ್ಲವುಗಳಲ್ಲಿ ಸ್ಫಟಿಕ ರೂಪದ ಸಿಲಿಕಾ ಇರುತ್ತದೆ. ಇವನ್ನು ಕತ್ತರಿಸಿದಾಗ, ಕೊರೆದಾಗ, ಉಜ್ಜಿದಾಗ ಏಳುವ ಧೂಳಿನ ದಪ್ಪ ಕಣಗಳು ಮೂಗು ಗಂಟಲುಗಳಲ್ಲಿಯೇ ನಿಲ್ಲುತ್ತವೆ. ಮಿಲಿಮೀಟರಿನ ನೂರನೇ ಒಂದು ಭಾಗಕ್ಕಿಂತಲೂ ಚಿಕ್ಕವಾದ, ಕಣ್ಣಿಗೆ ಕಾಣದ ಕಣಗಳು ಶ್ವಾಸಕೋಶದ ಗಾಳಿಚೀಲಗಳವರೆಗೆ ಇಳಿದು ಅಲ್ಲಿಯೇ ಉಳಿದುಬಿಡುತ್ತವೆ. ಅವುಗಳ ಸುತ್ತ ಗಟ್ಟಿ ಗಂಟುಗಳು ಬೆಳೆದು ಶ್ವಾಸಕೋಶ ಬಿಗಿಯಾಗುವುದೇ ಸಿಲಿಕೋಸಿಸ್. ಸಾಮಾನ್ಯವಾಗಿ ಇದು ಧೂಳಿನಲ್ಲಿ ಹತ್ತು ವರ್ಷಕ್ಕಿಂತ ಹೆಚ್ಚು ದುಡಿದವರಲ್ಲಿ ಕಾಣಿಸಿಕೊಳ್ಳುತ್ತದೆ. ಧೂಳು ವಿಪರೀತವಿದ್ದರೆ ಐದಾರು ವರ್ಷಗಳಲ್ಲಿಯೇ ಬರಬಹುದು. ಒಳಗೆ ಸೇರಿದ ಧೂಳು ಹೊರಗೆ ಬರುವುದಿಲ್ಲವಾದ್ದರಿಂದ ಕೆಲಸ ನಿಲ್ಲಿಸಿದ ನಂತರವೂ ಕಾಯಿಲೆ ಮುಂದುವರಿಯುತ್ತದೆ. ಚಾವಣಿಯ ಸಿಮೆಂಟ್ ಶೀಟುಗಳಲ್ಲಿ ಬೆರೆಸುವ ಖನಿಜವಾದ ಆಸ್ಬೆಸ್ಟಾಸ್ ನಾರಿನ ವಿಷಯದಲ್ಲಿ ಈ ಅಂತರ ಇನ್ನೂ ದೀರ್ಘವಾದುದು: ಶ್ವಾಸಕೋಶದ ಹೊದಿಕೆಗೆ ಬರುವ ಮೀಸೋಥೀಲಿಯೋಮಾ ಎಂಬ ಕ್ಯಾನ್ಸರ್ ಇಪ್ಪತ್ತು, ಮೂವತ್ತು, ನಲವತ್ತು ವರ್ಷಗಳ ಬಳಿಕ ಹೊರಬೀಳಬಹುದು. ಅಷ್ಟು ಹೊತ್ತಿಗೆ ಆ ವ್ಯಕ್ತಿ ಯಾವ ಗುತ್ತಿಗೆದಾರನ ಪಟ್ಟಿಯಲ್ಲಿಯೂ ಇರುವುದಿಲ್ಲ.

ಕರ್ನಾಟಕಕ್ಕೆ ಸಿಲಿಕೋಸಿಸ್ ಹೊಸದಲ್ಲ. ಕೋಲಾರದ ಚಿನ್ನದ ಗಣಿಗಳ ಕಾರಣದಿಂದ ಮೈಸೂರು ಸಂಸ್ಥಾನ 1940ರಲ್ಲಿಯೇ ಸಿಲಿಕೋಸಿಸ್ ನಿಯಮಗಳನ್ನು ರೂಪಿಸಿತ್ತು. ಆದರೆ ಗಣಿಯ ಕಾರ್ಮಿಕರಿಗೆ ಒಬ್ಬ ಮಾಲೀಕ, ಒಂದು ಹಾಜರಿ ಪುಸ್ತಕ, ಒಂದು ಆಸ್ಪತ್ರೆ ಎಂಬುದಿತ್ತು. ಇಂದು ಯಾದಗಿರಿಯಿಂದಲೋ ರಾಯಚೂರಿನಿಂದಲೋ ಬೆಂಗಳೂರು, ಪುಣೆ, ಗೋವಾಗಳಿಗೆ ಗುಳೆ ಹೋಗಿ ವರ್ಷಕ್ಕೆ ನಾಲ್ಕು ಮೇಸ್ತ್ರಿಗಳ ಕೈಕೆಳಗೆ ದುಡಿದವರ ದಾಖಲೆ ಅವರ ನೆನಪಿನಲ್ಲಿ ಮಾತ್ರ ಇದೆ. ಅದನ್ನು ಕಾಗದಕ್ಕೆ ಇಳಿಸುವುದು ಮೊದಲ ಕೆಲಸ.

ಕೆಲಸದ ಚರಿತ್ರೆಯನ್ನು ಬರೆದುಕೊಳ್ಳುವುದು

ಆಸ್ಪತ್ರೆಗೆ ಹೋಗುವ ಮುನ್ನ, ಅವಸರವಿಲ್ಲದ ಒಂದು ಸಂಜೆ, ಹಿರಿಯರ ಜೊತೆ ಕುಳಿತು ಅವರು ಮೊದಲು ಕೂಲಿಗೆ ಹೋದ ದಿನದಿಂದ ಕೊನೆಯ ಕೆಲಸದವರೆಗೆ ಕೇಳುತ್ತಾ ಬರೆಯಬೇಕು. ಇಸವಿ ನೆನಪಿಲ್ಲದಿದ್ದರೆ ಮನೆಯ ಘಟನೆಗಳ ಆಸರೆ ಹಿಡಿಯಬಹುದು: ಮದುವೆಗೆ ಮುಂಚೆಯೇ, ದೊಡ್ಡ ಮಗಳು ಹುಟ್ಟಿದ ಮೇಲೆಯೇ, ಯಾವ ಚುನಾವಣೆಯ ಹೊತ್ತಿಗೆ ಎಂದು ಕೇಳಿದರೆ ವರ್ಷಗಳು ತಾವಾಗಿ ಹೊಂದಿಕೊಳ್ಳುತ್ತವೆ. ಪ್ರತಿ ಅವಧಿಗೂ ಊರು, ಕೆಲಸ, ಕೈಯಲ್ಲಿದ್ದ ಯಂತ್ರ, ವಸ್ತು, ದಿನಕ್ಕೆ ಎಷ್ಟು ಗಂಟೆ ಎಂಬುದನ್ನು ದಾಖಲಿಸಬೇಕು.

‘ಕಟ್ಟಡ ಕೆಲಸ’ ಎಂದಷ್ಟೇ ಬರೆದರೆ ವೈದ್ಯರಿಗೆ ಏನೂ ತಿಳಿಯುವುದಿಲ್ಲ. ಸೆಂಟ್ರಿಂಗ್ ಕೆಲಸದವರಿಗೂ ಬಾರ್ ಬೆಂಡಿಂಗ್ ಮಾಡುವವರಿಗೂ ಬೀಳುವ ಅಪಾಯ ಹೆಚ್ಚು, ಧೂಳು ಅಷ್ಟಿಲ್ಲ. ಕೈಗ್ರೈಂಡರ್‌ನಿಂದ ಗ್ರಾನೈಟ್ ಅಂಚು ನಯಗೊಳಿಸಿದವರು, ಬ್ರೇಕರ್ ಹಿಡಿದು ಕಾಂಕ್ರೀಟ್ ಒಡೆದವರು, ವೈರಿಂಗ್ ಪೈಪಿಗಾಗಿ ಗೋಡೆಯಲ್ಲಿ ಕಟ್ಟರ್‌ನಿಂದ ತೋಡು ಕೊರೆದವರು, ಜಲ್ಲಿ ಕ್ರಷರ್ ಅಥವಾ ಎಂ-ಸ್ಯಾಂಡ್ ಘಟಕದಲ್ಲಿ ದುಡಿದವರು, ಒಣ ಪುಟ್ಟಿಯನ್ನು ಉಜ್ಜು ಕಾಗದದಿಂದ ಉಜ್ಜಿದವರು, ಇವರೆಲ್ಲ ನೇರವಾಗಿ ಧೂಳಿನ ಮೋಡದೊಳಗೆ ಇದ್ದವರು. ಹೆಲ್ಪರ್ ಎಂದು ಕರೆಯಲಾಗುವ ಹೆಂಗಸರನ್ನು ಈ ಲೆಕ್ಕದಿಂದ ಬಿಡುವುದು ನಾನು ಕಂಡ ಅತ್ಯಂತ ಸಾಮಾನ್ಯವಾದ ಲೋಪ. ಯಂತ್ರ ಹಿಡಿದ ಗಂಡಸು ಸಂಜೆ ಕೈಕಾಲು ತೊಳೆಯಲು ಹೋದಾಗ, ನೆಲದ ಮೇಲಿನ ಒಣ ಪುಡಿಯನ್ನು ಗುಡಿಸಿ ಬಾಂಡ್ಲಿಗೆ ತುಂಬಿದವರು, ಸಿಮೆಂಟಿನ ಖಾಲಿ ಚೀಲಗಳನ್ನು ಕೊಡವಿ ಮಡಚಿಟ್ಟವರು ಅವರೇ.

ಕಲ್ಲಿನ ಜಾತಿಯೂ ಮುಖ್ಯ. ಶಹಾಬಾದ್ ಕಲ್ಲು, ಕಡಪ ಕಲ್ಲು ಸುಣ್ಣಕಲ್ಲಿನ ವರ್ಗಕ್ಕೆ ಸೇರಿದವು; ಮಾರ್ಬಲ್ ಕೂಡ ಮುಖ್ಯವಾಗಿ ಸುಣ್ಣದ ಅಂಶದ್ದು. ಇವುಗಳಲ್ಲಿ ಸಿಲಿಕಾ ಕಡಿಮೆ. ಇಳಕಲ್ಲಿನ ಕೆಂಪು ಗ್ರಾನೈಟಿನಲ್ಲಿ, ಸಾಮಾನ್ಯ ಸೈಜುಗಲ್ಲಿನಲ್ಲಿ, ಬಾದಾಮಿ ಕಡೆಯ ಮರಳುಗಲ್ಲಿನಲ್ಲಿ ಅದು ಹೆಚ್ಚು. ಎಲ್ಲಕ್ಕಿಂತ ಅಪಾಯಕಾರಿಯಾದುದು ಅಡುಗೆಮನೆ ಕಟ್ಟೆಗೆ ಹಾಕುವ, ಕಾರ್ಖಾನೆಯಲ್ಲಿ ತಯಾರಾದ ಕ್ವಾರ್ಟ್ಜ್ ಸ್ಲ್ಯಾಬ್. ಅದರಲ್ಲಿ ಸಿಲಿಕಾ ಪ್ರಮಾಣ ಶೇಕಡಾ 90ರಷ್ಟಿರಬಹುದು. ಆಸ್ಟ್ರೇಲಿಯಾ 2024ರ ಜುಲೈ 1ರಿಂದ ಇದನ್ನು ಪೂರ್ತಿ ನಿಷೇಧಿಸಿದ್ದು ಕಾರ್ಮಿಕರ ಶ್ವಾಸಕೋಶದ ಕಾರಣಕ್ಕಾಗಿಯೇ. ಕೆಲವೇ ವರ್ಷ ಈ ಸ್ಲ್ಯಾಬ್ ಕತ್ತರಿಸಿದ ಯುವಕರು ಕೂಡ, ವಯಸ್ಸು ನಲವತ್ತು ದಾಟದಿದ್ದರೂ, ತಪಾಸಣೆಗೆ ಹೋಗಬೇಕು.

ಇದರ ಜೊತೆಗೆ ಕೇಳಬೇಕಾದ ಕೆಲವು ಪ್ರಶ್ನೆಗಳಿವೆ. ಕತ್ತರಿಸುವಾಗ ನೀರು ಬಿಡುತ್ತಿದ್ದರೇ, ಒಣದಾಗಿಯೇ ಕತ್ತರಿಸುತ್ತಿದ್ದರೇ? ಬಯಲಿನಲ್ಲಿಯೋ, ಕಿಟಕಿ ಮುಚ್ಚಿದ ಕೋಣೆಯಲ್ಲಿಯೋ? ಮೂಗಿಗೆ ಏನು ಕಟ್ಟಿಕೊಳ್ಳುತ್ತಿದ್ದರು? (ಟವೆಲ್ ಕಟ್ಟಿಕೊಂಡಿದ್ದೆ, ಹಾಗಾಗಿ ಏನೂ ಆಗಿರಲಿಕ್ಕಿಲ್ಲ ಎಂದು ಬಹಳ ಮಂದಿ ಹೇಳುತ್ತಾರೆ, ಅಪಾಯಕಾರಿಯಾದ ಸಣ್ಣ ಕಣಗಳನ್ನು ಟವೆಲ್ ತಡೆಯುವುದಿಲ್ಲ.) ರಾತ್ರಿ ಮಲಗುತ್ತಿದ್ದದ್ದು ಅದೇ ಸೈಟಿನ ಶೆಡ್ಡಿನಲ್ಲಿಯೇ? ಸಿಮೆಂಟ್ ಶೀಟ್ ಅಥವಾ ಎ.ಸಿ. (ಆಸ್ಬೆಸ್ಟಾಸ್ ಸಿಮೆಂಟ್) ಪೈಪ್ ಕತ್ತರಿಸಿದ್ದು, ಹಳೆಯ ಶೀಟಿನ ಚಾವಣಿ ಕಳಚಿದ್ದು ಉಂಟೇ? ಬೀಡಿ ಎಷ್ಟು ವರ್ಷ, ದಿನಕ್ಕೆ ಎಷ್ಟು? ಜೊತೆಯಲ್ಲಿ ಕೆಲಸ ಮಾಡಿದವರಲ್ಲಿ ಯಾರಿಗಾದರೂ ದಮ್ಮು ಅಥವಾ ಟಿ.ಬಿ. ಬಂದಿತ್ತೇ? ಕೊನೆಯ ಪ್ರಶ್ನೆಗೆ ‘ನಮ್ಮ ಗ್ಯಾಂಗಿನಲ್ಲಿ ನಾಲ್ವರಿಗೆ ಬಂದಿತ್ತು’ ಎಂಬ ಉತ್ತರ ಬಂದರೆ ಅದನ್ನು ಹಾಗೆಯೇ ಬರೆದಿಡಬೇಕು. ಎಕ್ಸ್-ರೇ ಓದುವ ವೈದ್ಯರಿಗೆ ಅದು ದೊಡ್ಡ ಸುಳಿವು.

ಬರೆದದ್ದು ಹೀಗಿದ್ದರೆ ಸಾಕು: ‘1996ರಿಂದ 2003, ಇಳಕಲ್ ಸುತ್ತಮುತ್ತ, ಕಲ್ಲುಕ್ವಾರಿಯಲ್ಲಿ ಕೊರೆಯುವ ಯಂತ್ರ, ನೀರಿಲ್ಲದೆ, ದಿನಕ್ಕೆ ಎಂಟು ಗಂಟೆ. 2003ರಿಂದ 2017, ಬೆಂಗಳೂರು, ಟೈಲ್ಸ್ ಮತ್ತು ಗ್ರಾನೈಟ್ ಹಾಕುವುದು, ಕೈಗ್ರೈಂಡರ್, ಹೆಚ್ಚಾಗಿ ಒಣ ಕಟಿಂಗ್, ಕೋಣೆಯೊಳಗೆ, ದಿನಕ್ಕೆ ಮೂರು ನಾಲ್ಕು ಗಂಟೆ ಧೂಳು. ಬೀಡಿ ದಿನಕ್ಕೆ ಒಂದು ಕಟ್ಟು, 2015ರಲ್ಲಿ ಬಿಟ್ಟದ್ದು. 2012ರಲ್ಲಿ ಆರು ತಿಂಗಳು ಟಿ.ಬಿ. ಮಾತ್ರೆ.’ ಇಂಥ ಒಂದು ಹಾಳೆಯ ಮೂರು ಪ್ರತಿ ಇಟ್ಟುಕೊಂಡು, ಒಂದನ್ನು ಆಸ್ಪತ್ರೆಯ ಕಡತಕ್ಕೆ ಸೇರಿಸುವಂತೆ ಕೇಳಬೇಕು. ಅಮೆರಿಕದಲ್ಲಿ ಇಂಧನ ಇಲಾಖೆಯ ಅಣ್ವಸ್ತ್ರ ಸ್ಥಾವರಗಳನ್ನು ಕಟ್ಟಿದ ಮಾಜಿ ಕಾರ್ಮಿಕರಿಗಾಗಿ 1990ರ ದಶಕದಿಂದ ನಡೆದುಬಂದಿರುವ ಉಚಿತ ತಪಾಸಣಾ ಯೋಜನೆಯಲ್ಲಿಯೂ ವೈದ್ಯರಿಗಿಂತ ಮೊದಲು ಕಾರ್ಮಿಕರ ಎದುರು ಕೂರುವುದು ಅದೇ ಕಸುಬಿನ ಅನುಭವವುಳ್ಳ ಸಂದರ್ಶಕರು. ಇಲ್ಲಿ ಆ ಪಾತ್ರವನ್ನು ಮನೆಯವರೇ ವಹಿಸಬೇಕಾಗಿದೆ.

ಎಲ್ಲಿಗೆ ಹೋಗಬೇಕು

ಆರಂಭಕ್ಕೆ ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆ ಸಾಕು. ಎಕ್ಸ್-ರೇ, ಕಫ ಪರೀಕ್ಷೆ, ರಕ್ತ ಮತ್ತು ಮೂತ್ರ ಪರೀಕ್ಷೆಗಳು ಅಲ್ಲಿಯೇ ಆಗುತ್ತವೆ. ಮುಂದಿನ ಹಂತಕ್ಕೆ ಸರ್ಕಾರಿ ವೈದ್ಯಕೀಯ ಕಾಲೇಜಿನ ಶ್ವಾಸಕೋಶ ವಿಭಾಗಕ್ಕೆ ಬರೆಸಿಕೊಂಡು ಹೋಗುವುದು ಒಳ್ಳೆಯದು. ಬೆಂಗಳೂರಿನ ರಾಜೀವ್ ಗಾಂಧಿ ಎದೆರೋಗಗಳ ಸಂಸ್ಥೆ, ಮೈಸೂರಿನ ಪಿ.ಕೆ.ಟಿ.ಬಿ. ಆಸ್ಪತ್ರೆ, ಹುಬ್ಬಳ್ಳಿ, ಬಳ್ಳಾರಿ, ಕಲಬುರಗಿಗಳ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗಳು ಈ ಬಗೆಯ ಕಾಯಿಲೆಗಳನ್ನು ನೋಡಿ ಅಭ್ಯಾಸವಿರುವ ಸ್ಥಳಗಳು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಗೆ ಸೇರಿದ, ಅಹಮದಾಬಾದಿನಲ್ಲಿ ಕೇಂದ್ರವಿರುವ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ದಕ್ಷಿಣ ವಲಯದ ಘಟಕವು ದೇವನಹಳ್ಳಿಯ ಬಳಿ ಇದೆ; ಅದು ಮುಖ್ಯವಾಗಿ ಸಂಶೋಧನಾ ಕೇಂದ್ರ, ಆದರೆ ಒಂದೇ ಊರಿನ ಅನೇಕ ಕಾರ್ಮಿಕರಲ್ಲಿ ಒಂದೇ ತರಹದ ದಮ್ಮು ಕಂಡುಬಂದಾಗ ಸಂಘಟನೆಯವರು ಅಲ್ಲಿಗೆ ಪತ್ರ ಬರೆಯುವುದು ಉಪಯುಕ್ತ.

ವೈದ್ಯರ ಎದುರು ಕೂತಾಗ ‘ಕೆಮ್ಮು ಇದೆ’ ಎಂದು ಆರಂಭಿಸದೆ, ‘ಇವರು ಇಪ್ಪತ್ತು ವರ್ಷ ಒಣ ಗ್ರಾನೈಟ್ ಕತ್ತರಿಸಿದ್ದಾರೆ, ಸಿಲಿಕೋಸಿಸ್ ಇರಬಹುದೇ ಎಂದು ನೋಡಬೇಕಿತ್ತು’ ಎಂದು ಹೇಳಬೇಕು. ದಿನಕ್ಕೆ ನೂರಾರು ಜನರನ್ನು ನೋಡುವ ಹೊರರೋಗಿ ವಿಭಾಗದಲ್ಲಿ ಆ ಒಂದು ವಾಕ್ಯದಿಂದ ಮುಂದಿನ ದಾರಿ ಬದಲಾಗುತ್ತದೆ.

ಎದೆಯ ಪರೀಕ್ಷೆಗಳು

ಎದೆಯ ಎಕ್ಸ್-ರೇ ಮೊದಲನೆಯದು. ಇದು ದುಬಾರಿಯಲ್ಲ, ಆದರೆ ಸರಿಯಾಗಿ ತೆಗೆದಿರಬೇಕು ಮತ್ತು ಸರಿಯಾಗಿ ಓದಿರಬೇಕು. ತೆಗೆಯುವಾಗ ಎದೆಯನ್ನು ಫಲಕಕ್ಕೆ ಒತ್ತಿ ನಿಂತು, ಪೂರ್ತಿ ಉಸಿರು ಎಳೆದುಕೊಂಡು ಹಿಡಿಯಬೇಕು. ಅರ್ಧ ಉಸಿರಿನಲ್ಲಿ ತೆಗೆದ ಚಿತ್ರದಲ್ಲಿ ಇಲ್ಲದ ನೆರಳುಗಳು ಕಾಣುತ್ತವೆ. ಸಿಲಿಕೋಸಿಸ್ ಇದ್ದರೆ ಸಾಮಾನ್ಯವಾಗಿ ಎರಡೂ ಶ್ವಾಸಕೋಶಗಳ ಮೇಲ್ಭಾಗದಲ್ಲಿ ಸಣ್ಣ ಸಣ್ಣ ದುಂಡು ಚುಕ್ಕೆಗಳು ಕಾಣುತ್ತವೆ. ಕಾಯಿಲೆ ಮುಂದುವರಿದಾಗ ಅವು ಕೂಡಿಕೊಂಡು ದೊಡ್ಡ ಗಡ್ಡೆಗಳಂತೆ ತೋರುತ್ತವೆ. ಇದನ್ನು ಓದಲು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ (ಐ.ಎಲ್.ಒ.) ರೂಪಿಸಿರುವ ಒಂದು ವರ್ಗೀಕರಣವಿದೆ. ಚುಕ್ಕೆಗಳ ದಟ್ಟಣೆಯನ್ನು 0ಯಿಂದ 3ರವರೆಗಿನ ಅಂಕೆಗಳಲ್ಲಿ, ಪ್ರಮಾಣಿತ ಚಿತ್ರಗಳ ಜೊತೆ ಹೋಲಿಸಿ ಗುರುತಿಸಲಾಗುತ್ತದೆ. ಪರಿಹಾರದ ಪ್ರಶ್ನೆ ಬಂದಾಗ ‘ಎಕ್ಸ್-ರೇ ಸರಿಯಿಲ್ಲ’ ಎಂಬ ಸಾಮಾನ್ಯ ವರದಿಗಿಂತ ‘ಐ.ಎಲ್.ಒ. ವರ್ಗೀಕರಣದಂತೆ ಓದಲಾಗಿದೆ’ ಎಂಬ ವರದಿಗೆ ಬೆಲೆ ಹೆಚ್ಚು. ಆದ್ದರಿಂದ ಹಾಗೆ ಓದಬಲ್ಲವರು ಇಲ್ಲಿ ಇದ್ದಾರೆಯೇ ಎಂದು ವಿನಯದಿಂದ ಕೇಳುವುದರಲ್ಲಿ ತಪ್ಪಿಲ್ಲ.

ಎಕ್ಸ್-ರೇ ಶುದ್ಧವಾಗಿದೆ ಎಂದ ಮಾತ್ರಕ್ಕೆ ಕಾಯಿಲೆ ಇಲ್ಲವೆಂದು ತೀರ್ಮಾನಿಸಲಾಗದು. ಆರಂಭದ ಹಂತ ಅದರಲ್ಲಿ ಕಾಣದೆ ಹೋಗಬಹುದು. ಧೂಳಿನ ಚರಿತ್ರೆ ದೀರ್ಘವಾಗಿದ್ದು, ನಡೆದರೆ ಏದುಸಿರು ಬರುತ್ತಿದ್ದು, ಎಕ್ಸ್-ರೇ ಮಾತ್ರ ಚೆನ್ನಾಗಿದ್ದರೆ ವೈದ್ಯರು ಹೆಚ್ಚಿನ ವಿವರ ತೋರುವ ಸಿ.ಟಿ. ಸ್ಕ್ಯಾನ್ ಬರೆಯಬಹುದು. ಅದನ್ನು ಎಲ್ಲರಿಗೂ ಮೊದಲಿಗೇ ಮಾಡಿಸಬೇಕಾಗಿಲ್ಲ. ಐವತ್ತು ದಾಟಿದ, ಬಹಳ ವರ್ಷ ಬೀಡಿ ಸಿಗರೇಟು ಸೇದಿದ, ಜೊತೆಗೆ ಸಿಲಿಕಾ ಅಥವಾ ಆಸ್ಬೆಸ್ಟಾಸ್ ಧೂಳಿನಲ್ಲಿ ದುಡಿದವರು ಮಾತ್ರ ಶ್ವಾಸಕೋಶದ ಕ್ಯಾನ್ಸರ್ ಪತ್ತೆಗಾಗಿ ಕಡಿಮೆ ವಿಕಿರಣದ ಸಿ.ಟಿ. ತಮಗೆ ಬೇಕೇ ಎಂದು ವೈದ್ಯರ ಜೊತೆ ಚರ್ಚಿಸಬೇಕು. ಸಿಲಿಕಾ ಧೂಳು, ಆಸ್ಬೆಸ್ಟಾಸ್ ಎರಡೂ ಕ್ಯಾನ್ಸರ್‌ಕಾರಕಗಳೆಂದು ಖಚಿತಪಟ್ಟವು, ಮತ್ತು ಹೊಗೆಸೊಪ್ಪು ಸೇರಿದಾಗ ಅಪಾಯ ಬಹಳವಾಗಿ ಏರುತ್ತದೆ. ರಕ್ತದಲ್ಲಿನ ಸಿ.ಸಿ.16 ಎಂಬ ಪ್ರೋಟೀನಿನ ಮಟ್ಟ ನೋಡಿ ಸಿಲಿಕೋಸಿಸ್ ಶಂಕೆಯನ್ನು ಬೇಗ ಗುರುತಿಸುವ ಕಿಟ್ ಒಂದನ್ನು ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ ರೂಪಿಸಿದೆ. ಅದು ಜರಡಿ ಹಿಡಿಯಲು ಮಾತ್ರ. ರೋಗ ಖಚಿತಪಡಿಸಲು ಚಿತ್ರವೇ ಬೇಕು.

ಎರಡನೆಯದು ಸ್ಪೈರೋಮೆಟ್ರಿ, ಅಂದರೆ ಊದುವ ಪರೀಕ್ಷೆ. ಮೂಗಿಗೆ ಕ್ಲಿಪ್ ಹಾಕಿ, ಬಾಯಿಯಲ್ಲಿ ಕೊಳವೆ ಇಟ್ಟು, ಎದೆ ತುಂಬ ಗಾಳಿ ಎಳೆದುಕೊಂಡು, ಒಮ್ಮೆಲೇ ಜೋರಾಗಿ ಊದಲು ಆರಂಭಿಸಿ, ಇನ್ನು ಗಾಳಿಯೇ ಉಳಿದಿಲ್ಲ ಎನ್ನಿಸಿದ ಮೇಲೂ ಆರು ಸೆಕೆಂಡಿನವರೆಗೆ ಊದುತ್ತಲೇ ಇರಬೇಕು. ಹಳ್ಳಿಯ ಹಿರಿಯರು ಸಂಕೋಚದಿಂದ ದೀಪ ಆರಿಸುವಂತೆ ಮೆಲ್ಲಗೆ ಊದಿ ಕೊಳವೆ ತೆಗೆದುಬಿಡುತ್ತಾರೆ. ಆಗ ಯಂತ್ರ ಕೊಡುವ ಅಂಕೆಗಳು ಅರ್ಥವಿಲ್ಲದವು. ಸರಿಯಾದ ಮೂರು ಊದುಗಳು ಸಿಗುವವರೆಗೆ ಪರೀಕ್ಷೆ ಮುಂದುವರಿಯಬೇಕು, ಆ ಮೂರೂ ಒಂದಕ್ಕೊಂದು ಹತ್ತಿರವಿರಬೇಕು. ಹಿಂದಿನ ದಿನ ಮನೆಯಲ್ಲಿಯೇ ಎರಡು ಬಾರಿ ಅಭ್ಯಾಸ ಮಾಡಿಸುವುದು, ಹೊಟ್ಟೆ ಬಿರಿಯುವಷ್ಟು ಉಂಡು ಹೋಗದಿರುವುದು, ಪರೀಕ್ಷೆಗೆ ಮುನ್ನ ಬೀಡಿ ಸೇದದಿರುವುದು, ಇನ್ಹೇಲರ್ ಬಳಸುತ್ತಿದ್ದರೆ ಅದನ್ನು ನಿಲ್ಲಿಸಬೇಕೇ ಎಂದು ಮೊದಲೇ ಕೇಳಿಕೊಳ್ಳುವುದು ಒಳಿತು. ಇತ್ತೀಚೆಗೆ ಹೃದಯಾಘಾತ, ಕಣ್ಣಿನ ಅಥವಾ ಹೊಟ್ಟೆಯ ಶಸ್ತ್ರಚಿಕಿತ್ಸೆ ಆಗಿದ್ದರೆ, ಕಫದಲ್ಲಿ ರಕ್ತ ಬರುತ್ತಿದ್ದರೆ ತಪ್ಪದೆ ತಿಳಿಸಬೇಕು; ಆಗ ಈ ಪರೀಕ್ಷೆಯನ್ನು ಮುಂದೂಡಲಾಗುತ್ತದೆ. ಈ ವರದಿ ಉಸಿರಾಟದ ಶಕ್ತಿ ಎಷ್ಟು ಕುಂದಿದೆ ಎಂದು ಹೇಳುತ್ತದೆಯೇ ಹೊರತು ಯಾವ ಧೂಳಿನಿಂದ ಎಂದು ಹೇಳುವುದಿಲ್ಲ. ಅದನ್ನು ಹೇಳುವುದು ನೀವು ಬರೆದುಕೊಂಡು ಹೋದ ಹಾಳೆ.

ಟಿ.ಬಿ. ಎಂದೇ ತೀರ್ಮಾನಿಸುವ ಅಪಾಯ

ಸಿಲಿಕೋಸಿಸ್ ಮತ್ತು ಕ್ಷಯದ ನಡುವಣ ಗೊಂದಲವೇ ಈ ಇಡೀ ವಿಷಯದ ಕಗ್ಗಂಟು, ಹಾಗಾಗಿ ಸ್ವಲ್ಪ ವಿವರವಾಗಿ ಹೇಳಬೇಕು. ಎರಡೂ ಶ್ವಾಸಕೋಶದ ಮೇಲ್ಭಾಗವನ್ನು ಹಿಡಿಯುತ್ತವೆ, ಎರಡರಲ್ಲಿಯೂ ಕೆಮ್ಮು, ತೂಕ ಇಳಿಕೆ, ಸುಸ್ತು ಇರುತ್ತವೆ, ಎಕ್ಸ್-ರೇಯಲ್ಲಿ ಎರಡೂ ಚುಕ್ಕೆ ಚುಕ್ಕೆಯಾಗಿ ಕಾಣಬಹುದು. ಕೆಲಸದ ಚರಿತ್ರೆ ಕೇಳದ ವೈದ್ಯರು ಟಿ.ಬಿ. ಎಂದು ಭಾವಿಸಿ ಆರು ತಿಂಗಳ ಮಾತ್ರೆ ಆರಂಭಿಸುವುದು ಸಹಜ. ಗುಣವಾಗದಿದ್ದಾಗ ಮತ್ತೊಮ್ಮೆ ಅದೇ ಮಾತ್ರೆ ಕೊಡುವುದೂ ಉಂಟು. ಕಲ್ಲುಕುಟಿಗರ ಕೇರಿಗಳಲ್ಲಿ ಕಫ ಪರೀಕ್ಷೆಯಲ್ಲಿ ಏನೂ ಬಾರದಿದ್ದರೂ ಎರಡು ಮೂರು ಬಾರಿ ಟಿ.ಬಿ. ಔಷಧಿ ನುಂಗಿದವರು ಸಿಗುತ್ತಾರೆ.

ಇದರ ಇನ್ನೊಂದು ಮುಖವೂ ಅಷ್ಟೇ ನಿಜ. ಸಿಲಿಕಾ ಧೂಳು ಶ್ವಾಸಕೋಶದ ರಕ್ಷಣಾ ಕೋಶಗಳನ್ನೇ ಕೆಡಿಸುವುದರಿಂದ ಸಿಲಿಕೋಸಿಸ್ ಇದ್ದವರಿಗೆ ನಿಜವಾದ ಟಿ.ಬಿ. ಬರುವ ಸಂಭವ ಇತರರಿಗಿಂತ ಹೆಚ್ಚು. ಆದ್ದರಿಂದ ‘ಇದು ಧೂಳಿನ ಕಾಯಿಲೆ, ಟಿ.ಬಿ. ಅಲ್ಲ’ ಎಂದು ಮನೆಯವರೇ ತೀರ್ಪು ಕೊಟ್ಟು ಮಾತ್ರೆ ನಿಲ್ಲಿಸುವುದು ಬಹಳ ಅಪಾಯಕಾರಿ. ಮಾಡಬೇಕಾದುದು ಇಷ್ಟು: ಕಫದ ಮಾದರಿಯನ್ನು, ಟಿ.ಬಿ. ರೋಗಾಣುವನ್ನೇ ಗುರುತಿಸುವ ಸಿ.ಬಿ.ನ್ಯಾಟ್ ಅಥವಾ ಟ್ರೂನ್ಯಾಟ್ ಯಂತ್ರದಲ್ಲಿ ಪರೀಕ್ಷಿಸುವಂತೆ ಕೇಳಬೇಕು, ಇದು ರಾಷ್ಟ್ರೀಯ ಕ್ಷಯ ನಿರ್ಮೂಲನಾ ಕಾರ್ಯಕ್ರಮದಲ್ಲಿ ಉಚಿತ. ಬೆಳಿಗ್ಗೆ ಎದ್ದೊಡನೆ ಆಳದಿಂದ ಕೆಮ್ಮಿ ತೆಗೆದ ಕಫವೇ ಬೇಕು, ಉಗುಳು ಕೊಟ್ಟರೆ ಪ್ರಯೋಜನವಿಲ್ಲ. ಫಲಿತಾಂಶ ಬಂದ ಮೇಲೆ ಎರಡೂ ಕಾಯಿಲೆ ಇವೆಯೇ, ಒಂದೇ ಇದೆಯೇ ಎಂಬುದನ್ನು ವೈದ್ಯರು ಚೀಟಿಯಲ್ಲಿ ಸ್ಪಷ್ಟವಾಗಿ ಬರೆಯುವಂತೆ ಕೋರಬೇಕು. ಸಿಲಿಕೋಸಿಸ್ ಖಚಿತವಾಗಿ, ಸಕ್ರಿಯ ಟಿ.ಬಿ. ಇಲ್ಲವೆಂದು ತೀರ್ಮಾನವಾದರೆ ಅಲ್ಲಿಗೆ ಮುಗಿಯಲಿಲ್ಲ. ಮುಂದೆ ಟಿ.ಬಿ. ಬಾರದಂತೆ ತಡೆಯುವ ಔಷಧಿ ಕೊಡಬೇಕಾದ ವರ್ಗಗಳಲ್ಲಿ ಸಿಲಿಕೋಸಿಸ್ ರೋಗಿಗಳನ್ನೂ ರಾಷ್ಟ್ರೀಯ ಮಾರ್ಗಸೂಚಿ ಸೇರಿಸಿದೆ. ಇದು ಅನೇಕ ಆಸ್ಪತ್ರೆಗಳಲ್ಲಿ ನೆನಪಿಗೆ ಬಾರದ ಅಂಶವಾದ್ದರಿಂದ ಕೇಳಿ ಪಡೆಯಬೇಕು.

ಶ್ವಾಸಕೋಶದ ಆಚೆಗೆ

ಕಿವಿಯ ಪರೀಕ್ಷೆಯನ್ನು ವಯಸ್ಸಿನ ಕಿವುಡು ಎಂದು ಬಿಟ್ಟುಬಿಡುತ್ತಾರೆ. ಬ್ರೇಕರ್, ಕಟ್ಟರ್, ಕ್ರಷರ್‌ಗಳ ಸದ್ದು ಕಿವಿಯ ಒಳಭಾಗದ ಸೂಕ್ಷ್ಮ ಕೋಶಗಳನ್ನು ಶಾಶ್ವತವಾಗಿ ಕೆಡಿಸುತ್ತದೆ. ಬೇರೆ ಬೇರೆ ಸ್ಥಾಯಿಯ ಸದ್ದುಗಳನ್ನು ಕೇಳಿಸಿ ಶ್ರವಣಶಕ್ತಿ ಅಳೆಯುವ ಆಡಿಯೋಮೆಟ್ರಿ ಎಂಬ ಪರೀಕ್ಷೆಯ ನಕ್ಷೆಯಲ್ಲಿ ಸದ್ದಿನಿಂದ ಬಂದ ಹಾನಿಯು 4000 ಹರ್ಟ್ಜ್ ಆಸುಪಾಸಿನಲ್ಲಿ ಒಂದು ತಗ್ಗಾಗಿ ಕಾಣುತ್ತದೆ. ಕಿವಿಯ ಗುಗ್ಗೆ ತೆಗೆಸಿಕೊಂಡು, ಹಿಂದಿನ ರಾತ್ರಿಯಿಂದ ಜೋರು ಸದ್ದಿನಿಂದ ದೂರವಿದ್ದು ಪರೀಕ್ಷೆಗೆ ಹೋಗಬೇಕು. ಕಂಪಿಸುವ ಯಂತ್ರಗಳನ್ನು ವರ್ಷಗಟ್ಟಲೆ ಹಿಡಿದವರ ಬೆರಳುಗಳು ಚಳಿಯಲ್ಲಿ ಬಿಳಿಚಿಕೊಂಡು ಜೋಮು ಹಿಡಿಯುತ್ತಿದ್ದರೆ ಅದನ್ನೂ ಹೇಳಬೇಕು. ಸಿಲಿಕಾ ಧೂಳು ಕೀಲುವಾತಕ್ಕೂ ಮೂತ್ರಪಿಂಡದ ತೊಂದರೆಗೂ ಕಾರಣವಾಗಬಲ್ಲದು ಎಂಬುದು ತಿಳಿದಿದ್ದರೆ, ಕೀಲುನೋವನ್ನು ‘ದುಡಿದ ಮೈ’ ಎಂದು ತಳ್ಳಿಹಾಕದೆ ರಕ್ತದ ಕ್ರಿಯಾಟಿನಿನ್ ಮತ್ತು ಮೂತ್ರದ ಪ್ರೋಟೀನ್ ಪರೀಕ್ಷೆ ಮಾಡಿಸಬಹುದು.

ಪೇಂಟರ್‌ಗಳ ವಿಷಯ ಬೇರೆ. ಅವರ ಕಸುಬನ್ನೇ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಕ್ಯಾನ್ಸರ್‌ಕಾರಕ ಎಂದು ವರ್ಗೀಕರಿಸಿದೆ. ಶ್ವಾಸಕೋಶ ಮತ್ತು ಮೂತ್ರಕೋಶ ಎರಡಕ್ಕೂ ಅಪಾಯವಿದೆ. ಮೂತ್ರದಲ್ಲಿ ಒಮ್ಮೆ ರಕ್ತ ಕಂಡು, ನೋವಿಲ್ಲದೆ ತಾನಾಗಿ ನಿಂತರೂ, ಅದನ್ನು ಉಷ್ಣ ಎಂದು ಭಾವಿಸದೆ ತೋರಿಸಬೇಕು. ಮನೆ ಬಳಕೆಯ ಬಣ್ಣಗಳಲ್ಲಿ ಸೀಸದ ಮಿತಿಯನ್ನು 90 ಪಿ.ಪಿ.ಎಂ.ಗೆ (ಹತ್ತು ಲಕ್ಷ ಭಾಗದಲ್ಲಿ 90 ಭಾಗ) ಇಳಿಸಿದ ನಿಯಮ ಬಂದದ್ದು 2016ರಲ್ಲಿ. ಅದಕ್ಕೂ ಮುಂಚೆ ಬಳಿದ ಹಳೆಯ ಬಣ್ಣ ಕೆರೆದವರು ಸೀಸದ ಪುಡಿಯನ್ನು ಉಸಿರಾಡಿರುವ ಸಾಧ್ಯತೆ ಇದೆ. ಇಲ್ಲಿ ಒಂದು ಎಚ್ಚರಿಕೆ: ರಕ್ತದ ಸೀಸದ ಪರೀಕ್ಷೆ ಮುಖ್ಯವಾಗಿ ಇತ್ತೀಚಿನ ತಿಂಗಳುಗಳ ಕಥೆ ಹೇಳುತ್ತದೆ. ಕೆಲಸ ಬಿಟ್ಟು ವರ್ಷಗಳಾದವರ ಸೀಸ ಮೂಳೆಯಲ್ಲಿ ಕುಳಿತಿರುತ್ತದೆ, ರಕ್ತದ ಅಂಕೆ ಚೆನ್ನಾಗಿಯೇ ಕಾಣಬಹುದು. ಈ ಪರೀಕ್ಷೆಯ ಬಗ್ಗೆ ಸಲಹೆ ಬೇಕಾದವರಿಗೆ ಸೀಸದ ವಿಷಬಾಧೆಯ ರಾಷ್ಟ್ರೀಯ ಕೇಂದ್ರವೊಂದು ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಸ್ಥಾಪನೆಯಾಗಿದೆ. ಗಾರೆಯವರ ಕೈಗಳ ಬಿರುಕು ತುರಿಕೆ ಹೆಚ್ಚಿನ ವೇಳೆ ಸಿಮೆಂಟಿನ ಕ್ಷಾರದಿಂದಲೋ ಅದರಲ್ಲಿರುವ ಕ್ರೋಮಿಯಂ ಅಲರ್ಜಿಯಿಂದಲೋ ಬಂದದ್ದು. ಚರ್ಮವೈದ್ಯರು ಬೆನ್ನಿಗೆ ಪಟ್ಟಿ ಅಂಟಿಸಿ ಮಾಡುವ ಪರೀಕ್ಷೆಯಿಂದ ಅದು ತಿಳಿಯುತ್ತದೆ.

ಕಾಗದಪತ್ರ ಮತ್ತು ಸೌಲಭ್ಯ

ಕಟ್ಟಡ ಮತ್ತು ಇತರೆ ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿಯ ನೋಂದಣಿಗೆ ವಯಸ್ಸು 18ರಿಂದ 60, ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ದುಡಿದಿರಬೇಕು. ಕಾಯಿಲೆ ಹೊರಬೀಳುವ ವಯಸ್ಸಿಗೆ ಸರಿಯಾಗಿ ಕಾರ್ಡಿನ ಅವಧಿ ಮುಗಿಯುವಂಥ ಈ ಏರ್ಪಾಡು ನನ್ನ ದೃಷ್ಟಿಯಲ್ಲಿ ಕಾರ್ಮಿಕರಿಗೆ ಅನ್ಯಾಯವೇ ಸರಿ. ಆದ್ದರಿಂದ 60 ತುಂಬುವ ಮೊದಲೇ, ಐವತ್ತೈದರ ಸುಮಾರಿಗೆ, ಪೂರ್ಣ ತಪಾಸಣೆ ಮಾಡಿಸಿ ವರದಿ ಕೈಯಲ್ಲಿ ಇಟ್ಟುಕೊಳ್ಳುವುದು ಜಾಣತನ. ಪ್ರಮುಖ ಕಾಯಿಲೆಗಳಿಗೆ ಮಂಡಳಿ ಕೊಡುವ ಸಹಾಯಧನದಲ್ಲಿ ಔದ್ಯೋಗಿಕ ಕಾಯಿಲೆಗಳೂ ಸೇರಿವೆ. 60ರ ನಂತರ ಪಿಂಚಣಿಗೆ ಅರ್ಜಿ ಹಾಕಲು ಅದಕ್ಕೆ ಹಿಂದೆ ಮೂರು ವರ್ಷದ ಸದಸ್ಯತ್ವ ಬೇಕು. ಹಳೆಯ ಕಾರ್ಡ್, ನವೀಕರಣದ ರಸೀದಿ, ಗುತ್ತಿಗೆದಾರ ಸಹಿ ಮಾಡಿದ ಉದ್ಯೋಗ ದೃಢೀಕರಣ ಪತ್ರ ಯಾವುದನ್ನೂ ಎಸೆಯಬಾರದು. ವಿವರಗಳಿಗೆ ಕಾರ್ಮಿಕ ಸಹಾಯವಾಣಿ 155214.

ನಿರ್ಮಾಣ ಸೈಟುಗಳಿಗೆ ಇ.ಎಸ್.ಐ. (ನೌಕರರ ರಾಜ್ಯ ವಿಮೆ) ಅನ್ವಯವಾದದ್ದು 2015ರ ಆಗಸ್ಟ್ 1ರಿಂದ. ದೊಡ್ಡ ಕಂಪನಿಯ ಸೈಟಿನಲ್ಲಿ ದುಡಿದು, ಕನಿಷ್ಠ ಐದು ವರ್ಷ ಇ.ಎಸ್.ಐ. ವಿಮೆಯಲ್ಲಿದ್ದು ವಯೋನಿವೃತ್ತರಾದವರು ವರ್ಷಕ್ಕೆ 120 ರೂಪಾಯಿ ಕಟ್ಟಿ ಪತಿ ಅಥವಾ ಪತ್ನಿಯ ಸಮೇತ ವೈದ್ಯಕೀಯ ಸೌಲಭ್ಯ ಮುಂದುವರಿಸಿಕೊಳ್ಳಬಹುದು. ಸಿಲಿಕೋಸಿಸ್, ಆಸ್ಬೆಸ್ಟೋಸಿಸ್, ಸಿಲಿಕೋಸಿಸ್ ಜೊತೆಗಿನ ಕ್ಷಯ ಇವು ನೌಕರರ ಪರಿಹಾರಕ್ಕೆ ಸಂಬಂಧಿಸಿದ ಕಾನೂನಿನ ಮೂರನೇ ಅನುಸೂಚಿಯಲ್ಲಿ ಔದ್ಯೋಗಿಕ ಕಾಯಿಲೆಗಳೆಂದು ಪಟ್ಟಿಯಾಗಿವೆ. ಪರಿಹಾರದ ಅರ್ಜಿಗೆ ಕಾಲಮಿತಿ ಇರುವುದರಿಂದ ‘ಸಿಲಿಕೋಸಿಸ್’ ಎಂಬ ಪದ ಮೊದಲ ಬಾರಿಗೆ ಬರೆದ ಚೀಟಿಯ ದಿನಾಂಕ ಬಹಳ ಮುಖ್ಯ. ಆ ಚೀಟಿ ಸಿಕ್ಕ ತಕ್ಷಣ ಕಾರ್ಮಿಕ ಸಂಘಟನೆಯ ಅಥವಾ ಕಾನೂನು ಸೇವಾ ಪ್ರಾಧಿಕಾರದ ವಕೀಲರನ್ನು ಕಾಣಬೇಕು. ಆಸ್ಬೆಸ್ಟಾಸ್ ಶೀಟ್ ಅಥವಾ ಪೈಪ್ ಕಾರ್ಖಾನೆಯಲ್ಲಿಯೇ ದುಡಿದವರಿಗೆ ಇನ್ನೊಂದು ಆಸರೆ ಇದೆ: ಸುಪ್ರೀಂ ಕೋರ್ಟ್ 1995ರ ಜನವರಿಯಲ್ಲಿ ನೀಡಿದ ತೀರ್ಪಿನಂತೆ, ಅವರ ಆರೋಗ್ಯ ದಾಖಲೆಗಳನ್ನು ಕೆಲಸಕ್ಕೆ ಸೇರಿದಂದಿನಿಂದ 40 ವರ್ಷ ಅಥವಾ ಬಿಟ್ಟ ನಂತರ 15 ವರ್ಷ, ಇವೆರಡರಲ್ಲಿ ಯಾವುದು ತಡವೋ ಅಲ್ಲಿಯವರೆಗೆ, ಕಾರ್ಖಾನೆ ಉಳಿಸಿಕೊಂಡಿರಬೇಕು. ಅದರ ಪ್ರತಿಯನ್ನು ಲಿಖಿತವಾಗಿ ಕೇಳಬಹುದು.

ತಪಾಸಣೆಯ ನಂತರ

ಎಕ್ಸ್-ರೇ ಫಿಲ್ಮನ್ನು ಮಡಚದೆ, ಬಿಸಿಲು ತಾಗದಂತೆ ಇಡಬೇಕು. ಡಿಜಿಟಲ್ ಪ್ರತಿ ಇದ್ದರೆ ಮಕ್ಕಳ ಫೋನಿನಲ್ಲಿಯೂ ಒಂದಿರಲಿ. ಹಳೆಯ ಚಿತ್ರ ಇಲ್ಲದಿದ್ದರೆ ಕಾಯಿಲೆ ಬೆಳೆದಿದೆಯೇ, ನಿಂತಿದೆಯೇ ಎಂದು ಹೋಲಿಸಲು ವೈದ್ಯರಿಗೆ ದಾರಿಯಿಲ್ಲ. ಮೊದಲ ತಪಾಸಣೆಯಲ್ಲಿ ಏನೂ ಕಾಣದಿದ್ದರೂ ದೀರ್ಘಕಾಲ ಧೂಳಿನಲ್ಲಿದ್ದವರು ಎರಡು ಮೂರು ವರ್ಷಕ್ಕೊಮ್ಮೆ ಎಕ್ಸ್-ರೇ ಮತ್ತು ಸ್ಪೈರೋಮೆಟ್ರಿ ಮಾಡಿಸುತ್ತಿರಬೇಕು. ಕಾಯಿಲೆ ಖಚಿತವಾಗಿದ್ದರೆ ವರ್ಷಕ್ಕೊಮ್ಮೆ, ಅಥವಾ ವೈದ್ಯರು ಹೇಳಿದಷ್ಟು ಬಾರಿ. ಸಿಲಿಕೋಸಿಸ್ ಅನ್ನು ಹಿಂದಕ್ಕೆ ತಿರುಗಿಸುವ ಔಷಧಿ ಇಲ್ಲ. ಹಾಗೆಂದು ಸುಮ್ಮನೆ ಕೂರಬೇಕಾಗಿಲ್ಲ: ಬೀಡಿ ಬಿಡುವುದು, ಮತ್ತೆ ಎಂದಿಗೂ ಧೂಳಿನ ಕೆಲಸಕ್ಕೆ ಹೋಗದಿರುವುದು, ಫ್ಲೂ ಮತ್ತು ನ್ಯುಮೋನಿಯಾ ಲಸಿಕೆ ಹಾಕಿಸಿಕೊಳ್ಳುವುದು, ಉಸಿರಾಟದ ವ್ಯಾಯಾಮ ಕಲಿಯುವುದು, ದಮ್ಮು ಹೆಚ್ಚಿದಾಗ ಇನ್ಹೇಲರ್ ಅಥವಾ ಆಮ್ಲಜನಕ ಪಡೆಯುವುದು ಇವುಗಳಿಂದ ದಿನಗಳು ಸಹನೀಯವಾಗುತ್ತವೆ. ‘ಅರ್ಧ ದಿನ ಮಾತ್ರ, ಹಗುರ ಕೆಲಸ’ ಎಂದು ಹಳೆಯ ಮೇಸ್ತ್ರಿ ಕರೆದರೆ ಹೋಗಲು ಬಿಡಬಾರದು. ಗ್ರೈಂಡರ್ ಪಕ್ಕದಲ್ಲಿ ನಿಂತು ನೀರು ಹಾಕುವುದೂ ಧೂಳಿನ ಕೆಲಸವೇ.

ಮುಂದಿನ ತಪಾಸಣೆಯ ದಿನಾಂಕಕ್ಕೆ ಕಾಯದೆ ಆಸ್ಪತ್ರೆಗೆ ಹೋಗಬೇಕಾದ ಸಂದರ್ಭಗಳಿವೆ: ಎರಡು ವಾರ ಮೀರಿದ ಕೆಮ್ಮು, ಸಂಜೆ ಜ್ವರ, ಕಫದಲ್ಲಿ ರಕ್ತ, ಕಾರಣವಿಲ್ಲದೆ ಇಳಿಯುವ ತೂಕ, ಇದ್ದಕ್ಕಿದ್ದಂತೆ ಎದೆಯ ಒಂದು ಬದಿಯಲ್ಲಿ ಚುಚ್ಚು ನೋವಿನೊಂದಿಗೆ ಹೆಚ್ಚುವ ಉಬ್ಬಸ. ಕೊನೆಯದು ಶ್ವಾಸಕೋಶದಿಂದ ಗಾಳಿ ಸೋರಿದ್ದರ ಲಕ್ಷಣವಾಗಿರಬಹುದು. ಆಗ ಬೆಳಗಾಗಲಿ ಎಂದು ಕಾಯದೆ 108ಕ್ಕೆ ಕರೆ ಮಾಡಬೇಕು, ಮತ್ತು ಹೋಗುವಾಗ ಕೆಲಸದ ಚರಿತ್ರೆಯ ಹಾಳೆಯನ್ನೂ ಹಳೆಯ ಎಕ್ಸ್-ರೇಯನ್ನೂ ಜೊತೆಗೆ ಒಯ್ಯಬೇಕು.